ಎರಡನೆಯ ಭಾಗದ ಹೇಳಿಕೆ

2017ರ ಜುಲೈ 14ರಂದು ತೆರೆಕಂಡ ಒಂದು ಕನ್ನಡ ಚಿತ್ರದ ಹೆಸರು ಬರೀ ‘2’. ಅದು ‘ದಂಡುಪಾಳ್ಯ’ದ ಮುಂದುವರಿಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೆಲವು ವಾರ ಗದ್ದಲವಾಯಿತು. ಚಿತ್ರದ್ದೆನ್ನಲಾದ ಒಂದು ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು, ಟಿವಿಯವರು ಅದನ್ನೇ ಚರ್ಚಿಸಿದರು. ಆ ಗದ್ದಲ ಅಡಗಿದ ಮೇಲೆ ಚಿತ್ರವೂ ಜನರ ಬಾಯಿಂದ ಮರೆಯಾಯಿತು. ನಾನು ಅದನ್ನು ಮತ್ತೆ ಹುಡುಕಿ ನೋಡಲು ಕಾರಣ ಬೇರೆ. ಕೊಲೆಗಳ ಮೇಲೆಯೇ ನಡೆಯುವ ಸಿನಿಮಾ ಸರಣಿಗಳಲ್ಲಿ ಎರಡನೆಯ ಭಾಗ ಮೊದಲನೆಯದರ ಮಾತಿಗೆ ಎಷ್ಟು ಬದ್ಧವಾಗಿರುತ್ತದೆ ಎಂದು ತಿಳಿಯಬೇಕಿತ್ತು.

ಅಮೆರಿಕದ ಸ್ಲ್ಯಾಷರ್ ಚಿತ್ರಗಳಿಂದ ಶುರು ಮಾಡಿದೆ. 1980ರ ‘ಫ್ರೈಡೇ ದಿ ಥರ್ಟೀನ್ತ್’ನಲ್ಲಿ ಕೊಲೆಗಾರ್ತಿ ಒಬ್ಬ ತಾಯಿ. ನೀರಿನಲ್ಲಿ ಮುಳುಗಿ ಸತ್ತ ಮಗ ಜೇಸನ್‌ನ ಹೆಸರಿನಲ್ಲಿ ಅವಳು ಕೊಲ್ಲುತ್ತಾಳೆ. ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಆ ಮಗನೇ ಬದುಕಿದ್ದಾನೆ, ಅವನೇ ಕೊಲ್ಲುತ್ತಾನೆ. ಇಂದು ಎಲ್ಲರಿಗೂ ನೆನಪಿರುವ ಹಾಕಿ ಮುಖವಾಡ ಅವನ ಮುಖಕ್ಕೆ ಬಂದದ್ದು 1982ರ ಮೂರನೆಯ ಭಾಗದಲ್ಲಿ. ಇಲ್ಲಿ ಎರಡನೆಯ ಭಾಗ ಹೊಸ ಕೊಲೆಗಾರನನ್ನು ತಂದಿತೇ ಹೊರತು ಹಳೆಯ ಕಥೆಯನ್ನು ಪ್ರಶ್ನಿಸಲಿಲ್ಲ. ಪ್ರಶ್ನಿಸಿದ್ದು 1983ರ ‘ಸೈಕೋ 2’. ಹಿಚ್‌ಕಾಕ್‌ನ ‘ಸೈಕೋ’ದ ಕಥೆ ನಡೆದು 22 ವರ್ಷ ಕಳೆದ ಮೇಲೆ ಅದರ ಕೊಲೆಗಾರ ನಾರ್ಮನ್ ಬೇಟ್ಸ್ ಗುಣವಾದನೆಂದು ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಅವನಿಗೆ ಮತ್ತೆ ಹುಚ್ಚು ಹಿಡಿಸಲು ಹೊಂಚು ಹಾಕುವವಳು ಹಿಂದೆ ಅವನ ಕೈಯಲ್ಲಿ ಸತ್ತವಳ ತಂಗಿ. ಕೊಲೆಗಾರನ ಮೇಲೂ ಕನಿಕರ ಹುಟ್ಟುವಂತೆ ನಿರ್ದೇಶಕ ರಿಚರ್ಡ್ ಫ್ರಾಂಕ್ಲಿನ್ ಕಥೆ ಕಟ್ಟಿದ. ಇಂಥದ್ದೊಂದು ಕನ್ನಡದಲ್ಲಿ ಇದೆಯೇ ಎಂದು ಹುಡುಕಿದಾಗ ಸಿಕ್ಕಿದ್ದೇ ‘2’.

2012ರ ಜೂನ್ 29ರಂದು ಬಂದ ಮೊದಲ ‘ದಂಡುಪಾಳ್ಯ’ ಯಾವ ಅನುಮಾನಕ್ಕೂ ಜಾಗ ಕೊಡದ ಚಿತ್ರ. ಹೊಸಕೋಟೆ ಸೀಮೆಯ ದಂಡುಪಾಳ್ಯದ ಹೆಸರು ಹೊತ್ತ ತಂಡವೊಂದರ ಮೇಲೆ 1990ರ ದಶಕದ ಕೊನೆಗೆ ನೂರಕ್ಕೂ ಹೆಚ್ಚು ಕೊಲೆ, ದರೋಡೆ, ಅತ್ಯಾಚಾರದ ಪ್ರಕರಣಗಳು ದಾಖಲಾಗಿದ್ದವು. ಮರಣದಂಡನೆಯ ತೀರ್ಪುಗಳು ಬಂದದ್ದೂ, ಮುಂದೆ ಮೇಲ್ಮನವಿಯಲ್ಲಿ ಕೆಲವು ಬದಲಾದದ್ದೂ ಪತ್ರಿಕೆ ಓದುವವರಿಗೆ ನೆನಪಿರಬಹುದು. ನಿರ್ದೇಶಕ ಶ್ರೀನಿವಾಸ ರಾಜು ಅದನ್ನು ತೆರೆಗೆ ತಂದರು. ‘ಮುಂಗಾರು ಮಳೆ’ಯ ಪೂಜಾ ಗಾಂಧಿ ಬೀಡಿ ಸೇದುವ, ಕತ್ತಿ ಹಿಡಿಯುವ ಲಕ್ಷ್ಮಿಯಾದರು. ಮಕರಂದ್ ದೇಶಪಾಂಡೆ, ರವಿ ಕಾಳೆ ತಂಡದಲ್ಲಿದ್ದರು. ಇನ್‌ಸ್ಪೆಕ್ಟರ್ ಚಲಪತಿಯಾಗಿ ಪಿ. ರವಿಶಂಕರ್ ತಮ್ಮ ಕಂಚಿನ ಕಂಠದಲ್ಲಿ ಚಿತ್ರವನ್ನು ಮುನ್ನಡೆಸಿದರು. ಕನ್ನಡದಲ್ಲಿ ಗೆದ್ದ ಚಿತ್ರ ತೆಲುಗಿಗೂ ಹೋಗಿ ಗೆದ್ದಿತು.

ಆ ಚಿತ್ರದಲ್ಲಿ ನನ್ನನ್ನು ಇಂದಿಗೂ ಕಾಡುವುದು ರಕ್ತಕ್ಕಿಂತ ಬಾಗಿಲು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಹೆಣ್ಣುಮಗಳು ಒಬ್ಬಳೇ. ಯಾರೋ ಕುಡಿಯಲು ನೀರು ಕೇಳುತ್ತಾರೆ. ಬಾಯಾರಿ ಬಂದವರಿಗೆ ನೀರು ಕೊಡುವುದು ನಮ್ಮಲ್ಲಿ ಕಲಿಸದೆ ಬಂದ ಗುಣ, ಅವಳು ಒಳಗೆ ಹೋಗುತ್ತಾಳೆ. ಕ್ಯಾಮೆರಾ ಹೊಸ್ತಿಲಿನಲ್ಲೇ ನಿಂತಿರುತ್ತದೆ. ಆಕೆ ತಂಬಿಗೆ ಹಿಡಿದು ವಾಪಸು ಬರುವಷ್ಟರಲ್ಲಿ ನೋಡುವವರಿಗೆ ಮುಂದಿನದು ತಿಳಿದುಹೋಗಿರುತ್ತದೆ. ಊರೂರಿನಲ್ಲಿ ಹೆಂಗಸರು ಅಪರಿಚಿತರಿಗೆ ಕಿಟಕಿಯಿಂದಲೇ ಉತ್ತರಿಸಿದ ಆ ಕಾಲದ ಭಯವನ್ನು ಚಿತ್ರ ಸರಿಯಾಗಿಯೇ ಹಿಡಿದಿದೆ.

ಈಗ ‘2’. ಅದೇ ನಿರ್ದೇಶಕ, ಅದೇ ಪೂಜಾ ಗಾಂಧಿ, ಅದೇ ರವಿಶಂಕರ್. ಹೊಸದಾಗಿ ಸಂಜನಾ ಬಂದಿದ್ದಾರೆ, ಪತ್ರಕರ್ತೆಯಾಗಿ ಶ್ರುತಿ ಬಂದಿದ್ದಾರೆ. ದಂಡುಪಾಳ್ಯದ ತಂಡದವರು ನಿಜಕ್ಕೂ ಕೊಂದವರೇ ಎಂಬ ಅನುಮಾನ ಪತ್ರಕರ್ತೆಯದು. ಜೈಲಿನಲ್ಲಿರುವವರು ಬೇರೊಂದು ಕಥೆ ಹೇಳುತ್ತಾರೆ: ತಾವು ದುಡಿದು ತಿನ್ನುವವರು, ಪೊಲೀಸರು ಹಿಡಿದು ತಂದರು, ಬಡಿದರು, ಮಾಡದ್ದನ್ನು ಒಪ್ಪಿಸಿದರು. ಮೊದಲ ಚಿತ್ರದಲ್ಲಿ ಪ್ರೇಕ್ಷಕರಿಗೆ ಸತ್ಯದ ದಾರಿಯಾಗಿ ಕಂಡ ವಿಚಾರಣೆ ಇಲ್ಲಿ ಚಿತ್ರಹಿಂಸೆಯಾಗಿ ಕಾಣುತ್ತದೆ. ಎರಡೂ ಚಿತ್ರಗಳನ್ನು ಜೊತೆಗಿಟ್ಟು, ಯಾವ ಸಂಗತಿಯನ್ನು ಯಾರ ಬಾಯಿಂದ ಕೇಳುತ್ತಿದ್ದೇವೆ ಎಂದು ಗುರುತು ಹಾಕಿಕೊಳ್ಳುತ್ತ ಹೋದೆ. ಮೊದಲನೆಯದರಲ್ಲಿ ಕೊಲೆಗಳನ್ನು ನಮಗೆ ತೋರಿಸುವುದು ಚಿತ್ರವೇ, ಆದ್ದರಿಂದ ನಂಬುತ್ತೇವೆ. ಎರಡನೆಯದು ಬರುವುದು ಆರೋಪಿಗಳ ಬಾಯಿಂದ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಪ್ರೇಕ್ಷಕ ನಿಲ್ಲಬೇಕಾಗುತ್ತದೆ.

ಠಾಣೆಯಲ್ಲಿ ಒಪ್ಪಿಸಿದ್ದನ್ನು ನಂಬಬಹುದೇ ಎಂಬ ಪ್ರಶ್ನೆ ಸಿನಿಮಾದ ಹೊರಗೂ ಇದೆ ಎಂದು ಕಾನೂನಿನ ಪುಸ್ತಕ ತೆಗೆದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಬ್ರಿಟಿಷರ ಕಾಲದಲ್ಲೇ, ಠಾಣೆಯಲ್ಲಿ ಒಪ್ಪಿಸಿದ ಮಾತನ್ನು ನೆಚ್ಚಬಾರದೆಂದು ಕಾನೂನು ಬರೆದವರಿಗೆ ಅನ್ನಿಸಿತ್ತು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಬಂಧಿಸಿದಾಗ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದು ವಿಧಿಸಿತು. ‘2’ರ ಠಾಣೆಯ ದೃಶ್ಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ತೂಕವೇ ಬೇರೆ. ಅಸಲಿ ಪ್ರಕರಣದ ಬಗ್ಗೆ ಸಿನಿಮಾ ತೀರ್ಪು ಕೊಡಲಾರದು, ಅದು ಕೋರ್ಟಿನ ಕೆಲಸ. ಆದರೆ ಒಪ್ಪಿಗೆ ಹೇಗೆ ಹೊರಡುತ್ತದೆ ಎಂದು ತೋರಿಸಲು ಸಿನಿಮಾಕ್ಕೆ ಪೂರ್ತಿ ಹಕ್ಕಿದೆ.

ಇಲ್ಲಿಗೆ ಬಂದಾಗ, ದುಷ್ಟನೆನಿಸಿಕೊಂಡವನ ಮಾತಿಗೂ ಜಾಗ ಕೊಡುವ ಕಥೆ ನಮ್ಮ ಕಡೆ ಇದೆಯೇ ಎಂದು ನನ್ನ ಹುಡುಕಾಟ ನಮ್ಮ ದೇವರಗುಡ್ಡದ ಕಡೆ ತಿರುಗಿತು. ರೈಲಿನಲ್ಲಿ ಬ್ಯಾಡಗಿ ಬಿಟ್ಟು ರಾಣೆಬೆನ್ನೂರು ಸೇರುವ ಮುಂಚೆ ಸಿಗುವ ಊರು, ಗುಡ್ಡದ ಮೇಲೆ ಮಾಲತೇಶ ದೇವರ ಗುಡಿ. ಊರಿನ ಹಳೆಯ ಹೆಸರು ಗುಡ್ಡಗುಡ್ಡಾಪುರ. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಧಾರವಾಡ ಗೆಜೆಟಿಯರ್‌ನಲ್ಲಿ ಆ ಹೆಸರಿನಡಿಯೇ ಇದರ ವಿವರವಿದೆ. ಕರಿ ಕಂಬಳಿ ತೊಟ್ಟ, ವಗ್ಗಯ್ಯಗಳೆಂಬ ದೇವರ ಸೇವಕರು ದೇವರ ನಾಯಿಗಳಂತೆ ಬೊಗಳುತ್ತ ಭಕ್ತರ ಕಡೆ ಓಡುವುದನ್ನೂ, ಬಟ್ಟಲಿಗೆ ಹಾಕಿದ್ದನ್ನು ಕಚ್ಚಾಡಿ ತಿನ್ನುವುದನ್ನೂ ಅದು ದಾಖಲಿಸಿದೆ. ಹೀಗೆ ಬಟ್ಟಲಿಗೆ ತಿನಿಸು ಹಾಕುವ ದೋಣಿ ಸೇವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೆದವನಿಗೆ ಇದು ವಿಚಿತ್ರವಾಗಿ ಕಂಡಿರಬೇಕು, ವಿವರ ಮಾತ್ರ ಚೆನ್ನಾಗಿ ಬರೆದಿದ್ದಾನೆ.

ದಸರೆಗೆ ಇಲ್ಲಿ ಆಯುಧಪೂಜೆಯ ದಿನ ಕಾರಣಿಕ, ಅಂದರೆ ಭವಿಷ್ಯವಾಣಿ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಆ ಮಾತಿಗೆ ಮಳೆ, ಬೆಳೆ, ಸರ್ಕಾರ ಎಂದು ಜನ ತಮಗೆ ತೋಚಿದ ಅರ್ಥ ಕಟ್ಟುತ್ತಾರೆ. ವಿಜಯದಶಮಿಗೆ ಪವಾಡಗಳು. ಸರಪಳಿ ಹರಿಯುತ್ತಾರೆ, ಮೀನಖಂಡಕ್ಕೆ ಬಗಣಿಗೂಟ ಚುಚ್ಚಿಕೊಳ್ಳುತ್ತಾರೆ, ಗಾಯಕ್ಕೆ ಅರಿಶಿನದ ಭಂಡಾರ ಒತ್ತುತ್ತಾರೆ. ಮಕ್ಕಳು ಅಪ್ಪನ ಹೆಗಲ ಮೇಲೆ ಕೂತು ಇದೆಲ್ಲ ನೋಡುತ್ತವೆ. ‘ಏಳುಕೋಟಿ’ ಎಂಬ ಕೂಗಿನ ನಡುವೆ ಯಾರಿಗೂ ಅದು ಭಯದ ಆಟವಲ್ಲ, ಹರಕೆ.

ಆದರೆ ನನಗೆ ಬೇಕಾದದ್ದು ದೈತ್ಯರ ಕಥೆ. ಮೈಲಾರ, ಖಂಡೋಬ, ಮಾಲತೇಶ ಎಂದು ಕರೆಸಿಕೊಳ್ಳುವ ದೇವರು ಮಣಿ ಮತ್ತು ಮಲ್ಲ ಎಂಬ ಅಸುರರನ್ನು ಕೊಂದ ಕಥೆ ಮಹಾರಾಷ್ಟ್ರದ ಜೇಜೂರಿಯಿಂದ ನಮ್ಮ ಗುಡ್ಡದವರೆಗೆ ಹಬ್ಬಿದೆ. ಜೇಜೂರಿಯ ಕಡೆ ಹೇಳುವ ಕಥೆಯಲ್ಲಿ ಮಣಿಗೆ ಸಾಯುವ ಹೊತ್ತಿನಲ್ಲಿ ಮಾತಾಡಲು ಬಿಡುತ್ತಾರೆ. ಅವನು ತನ್ನ ಬಿಳಿ ಕುದುರೆ ಒಪ್ಪಿಸಿ, ನಿನ್ನ ಗುಡಿಯಲ್ಲಿ ನನಗೂ ಒಂದು ಜಾಗ ಇರಲಿ ಎಂದು ಬೇಡುತ್ತಾನೆ, ಪಡೆಯುತ್ತಾನೆ. ಲೋಕವೇ ಹಾಳಾಗಲೆಂದು ಬೇಡಿದ ಮಲ್ಲನ ತಲೆಯನ್ನು ಮೆಟ್ಟಿಲಲ್ಲಿ ತುಳಿಯುತ್ತಾರೆ. ಅಂದರೆ ಈ ಪರಂಪರೆ ಕೊಂದು ಮುಗಿಸಲಿಲ್ಲ. ಇಬ್ಬರ ಮಾತನ್ನೂ ಕೇಳಿತು, ಕೇಳಿದ ಮೇಲೆ ಒಬ್ಬನಿಗೊಂದು ನ್ಯಾಯ, ಇನ್ನೊಬ್ಬನಿಗೊಂದು ನ್ಯಾಯ ಮಾಡಿತು. ದುಷ್ಟನ ಹೇಳಿಕೆಗೂ ಕಥೆಯಲ್ಲಿ ಜಾಗವಿರಬೇಕು ಎಂಬುದನ್ನು ನಾನು ಕಲಿತದ್ದು ಇಂಥ ಕಥೆಗಳಿಂದ. ‘2’ ನನಗೆ ಹತ್ತಿರವಾದದ್ದೂ ಅದಕ್ಕೇ.

ಹಾಗೆಂದು ಚಿತ್ರದ ಕೊರತೆಗಳಿಗೆ ಕಣ್ಣು ಮುಚ್ಚಲಾರೆ. ಆರೋಪಿಗಳ ಮಾತು ಕೇಳುವ ಉತ್ಸಾಹದಲ್ಲಿ ಅದು ಸತ್ತವರನ್ನು ಮರೆಯುತ್ತದೆ. ನೀರು ತರಲು ಒಳಗೆ ಹೋದ ಆ ಹೆಣ್ಣುಮಕ್ಕಳ ಮನೆಯವರು ಈ ಚಿತ್ರದಲ್ಲಿ ಎಲ್ಲಿದ್ದಾರೆ? ‘ಸೈಕೋ 2’ ಕೊಲೆಗಾರನಿಗೆ ಕನಿಕರ ತೋರಿಸುವಾಗಲೂ ಸತ್ತವಳ ತಂಗಿಯ ಸಿಟ್ಟನ್ನು ಕಥೆಯ ನಡುಮಧ್ಯದಲ್ಲಿಟ್ಟಿತ್ತು. ಇನ್ನೊಂದು, ಠಾಣೆಯಲ್ಲಿ ಹೆಣ್ಣಿನ ಮೇಲಾಗುವ ಹಿಂಸೆಯನ್ನು ತೋರಿಸುವಾಗ ಕ್ಯಾಮೆರಾ ಆಕೆಯ ನೋವಿಗಿಂತ ಮೈಯನ್ನು ಹೆಚ್ಚು ನೋಡುತ್ತದೆ. ಹಿಂಸೆಯನ್ನು ಖಂಡಿಸಲು ಹೊರಟ ಚಿತ್ರಕ್ಕೆ ಇದು ದೊಡ್ಡ ಪೆಟ್ಟು. ಜನ ಆ ಮೊಬೈಲ್ ದೃಶ್ಯವನ್ನಷ್ಟೇ ನೆನಪಿಟ್ಟುಕೊಂಡದ್ದರಲ್ಲಿ ಚಿತ್ರದ ಪಾಲೂ ಇದೆ.

ಮುಂದಿನದು ಬೇಗ ಮುಗಿಯುತ್ತದೆ. 2018ರ ಮಾರ್ಚ್‌ನಲ್ಲಿ ‘3’ ಬಂತು. ಅದರಲ್ಲಿ ಚಲಪತಿ ತನ್ನ ಕಡೆಯದನ್ನು ಪತ್ರಕರ್ತೆಗೆ ಹೇಳುತ್ತಾನೆ, ತಂಡ ಮತ್ತೆ ಅಪರಾಧಿಯ ಜಾಗಕ್ಕೆ ಹೋಗುತ್ತದೆ. 2019ರ ನಾಲ್ಕನೆಯ ಭಾಗದಲ್ಲಿ ನಿರ್ದೇಶಕರೂ ಬೇರೆ, ಮುಖಗಳೂ ಬಹುಪಾಲು ಬೇರೆ. ಮೊದಲ ಮೂರನ್ನೂ ಒಟ್ಟಿಗೆ ನೋಡುವ ಇಂದಿನ ಪ್ರೇಕ್ಷಕರಿಗೆ ‘2’ ನಡುವಿನ ಒಂದು ತಿರುವಾಗಿ, ಆರೋಪಿಗಳು ಕಟ್ಟಿದ ಸುಳ್ಳಾಗಿ ಕಂಡು ಹೋಗುತ್ತದೆ. ಆದರೆ ಜುಲೈಯಿಂದ ಮಾರ್ಚ್‌ವರೆಗೆ, ಎಂಟು ತಿಂಗಳು, ಅದು ಒಂಟಿಯಾಗಿ ನಿಂತಿತ್ತು. ಆಗ ಟಿಕೆಟ್ ಕೊಂಡು ನೋಡಿ ಹೊರಬಂದವರ ಮುಂದೆ ಯಾವ ಸಮಾಧಾನವೂ ಇರಲಿಲ್ಲ, ಪೊಲೀಸರ ಮೇಲಿನ ಆರೋಪ ಹಾಗೇ ತೆರೆದುಕೊಂಡಿತ್ತು. ನಾನು ಬರೆಯಲು ಹೊರಟಿರುವುದು ಆ ಎಂಟು ತಿಂಗಳ ಚಿತ್ರದ ಬಗ್ಗೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯಲ್ಲಿ ಅದನ್ನು ಆಗಲೇ ನೋಡಿದವರನ್ನು ಹುಡುಕಿ, ಅಂದು ಅವರು ಯಾರ ಮಾತು ನಂಬಿದ್ದರು ಎಂದು ಕೇಳಿ ಬರೆದುಕೊಳ್ಳುವ ಕೆಲಸ ಶುರುವಾಗಿದೆ.