ಚಂದಮಾಮದ ಬೇತಾಳ: ಪೈಠಣದಿಂದ ನಮ್ಮ ಫೋನಿನವರೆಗೆ

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಬೇಕು ಅಂತ ಲಿಂಗಸುಗೂರಿನ ನಮ್ಮ ಹಳೆ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆವು. ಒಡೆದ ಹಗೇವಿನ ಬುಟ್ಟಿ, ಎತ್ತಿನ ಕೊರಳ ಗೆಜ್ಜೆ, ಕಂದೀಲು ಎಲ್ಲ ಇಳಿದ ಮೇಲೆ ಕೊನೆಗೆ ಒಂದು ಗೋಣಿಚೀಲ ಸಿಕ್ಕಿತು. ಬಿಚ್ಚಿದರೆ ಚಂದಮಾಮ. ಅರ್ಧದಷ್ಟನ್ನು ಗೆದ್ದಲು ತಿಂದಿತ್ತು. ಉಳಿದದ್ದು ನಲವತ್ತು ಸಂಚಿಕೆ ಇರಬಹುದು, ಕೆಲವಕ್ಕೆ ಮುಖಪುಟ ಇಲ್ಲ, ಕೆಲವಕ್ಕೆ ಕೊನೆ ಪುಟ ಇಲ್ಲ.

ಅಟ್ಟದ ಕೆಲಸ ಅಲ್ಲಿಗೇ ನಿಂತಿತು. ಎಲ್ಲರೂ ಮೊದಲು ಹುಡುಕಿದ್ದು ಒಂದೇ ಪುಟ: ರಾತ್ರಿಯ ಸ್ಮಶಾನ, ಕೈಯಲ್ಲಿ ಕತ್ತಿ ಹಿಡಿದು ನಡೆಯುತ್ತಿರುವ ರಾಜ, ಅವನ ಹೆಗಲ ಮೇಲೆ ಶವ. ಓದು ಬಾರದ ನಮ್ಮ ಸೋದರತ್ತೆಗೂ ಆ ಚಿತ್ರ ಗುರುತು ಸಿಕ್ಕಿತು. 'ಇದು ಬೇತಾಳ ಅಲ್ಲೇನೋ?' ಅಂದಳು.

ಆಮೇಲೆ ಒಂದು ತಿಂಗಳು ನಾವು ಆ ಕಥೆಗಳನ್ನು ಮತ್ತೆ ಓದಿದೆವು. ಅಕ್ಕನ ಮಗಳು ಏಳನೇ ಇಯತ್ತೆ. ಅವಳಿಗೆ ಬೇತಾಳ ಗೊತ್ತಿದ್ದದ್ದು ಫೋನಿನಲ್ಲಿ ನೋಡಿದ ಹಿಂದಿ ಧಾರಾವಾಹಿಯಿಂದ. ಹಾಗಾಗಿ ನಾವು ಓದುವುದು, ಅವಳು ತೋರಿಸುವುದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದಾಯಿತು. ಈ ಬರಹ ಹುಟ್ಟಿದ್ದು ಹಾಗೆ.

ಮೊದಲು ಬೇತಾಳ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ಅದು ನಮ್ಮ ಸೀಮೆಗೆ ದೂರದ ನೆಂಟನಲ್ಲ.

ಕಾಶ್ಮೀರದ ಸೋಮದೇವ ಹನ್ನೊಂದನೇ ಶತಮಾನದಲ್ಲಿ ಸೂರ್ಯವತಿ ಎಂಬ ರಾಣಿಗಾಗಿ ಸಂಸ್ಕೃತದಲ್ಲಿ 'ಕಥಾಸರಿತ್ಸಾಗರ' ಬರೆದ. ಬೇತಾಳನ ಇಪ್ಪತ್ತೈದು ಕಥೆ ಅದರೊಳಗಿವೆ. ಆದರೆ ಅಲ್ಲಿ ರಾಜನ ಊರು ಉಜ್ಜಯಿನಿ ಅಲ್ಲ. ಗೋದಾವರಿ ದಂಡೆಯ ಪ್ರತಿಷ್ಠಾನ, ಅಂದರೆ ಇವತ್ತಿನ ಮಹಾರಾಷ್ಟ್ರದ ಪೈಠಣ. ರಾಜನ ಹೆಸರು ತ್ರಿವಿಕ್ರಮಸೇನ. ಒಬ್ಬ ಭಿಕ್ಷು ದಿನಾ ಬಂದು ಒಂದು ಹಣ್ಣು ಕೊಟ್ಟು ಹೋಗುತ್ತಾನೆ. ರಾಜ ಅದನ್ನು ನೋಡದೆ ಭಂಡಾರದವನ ಕೈಗೆ ಕೊಡುತ್ತಾನೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಒಂದು ದಿನ ಮಂಗ ಒಂದು ಹಣ್ಣು ಕಚ್ಚಿದಾಗ ಒಳಗಿಂದ ರತ್ನ ಬೀಳುತ್ತದೆ. ಇಷ್ಟು ಕೊಟ್ಟವನಿಗೆ ಏನು ಬೇಕು ಅಂತ ಕೇಳಿದರೆ, ಸ್ಮಶಾನದ ಮರದಲ್ಲಿ ನೇತಾಡುವ ಹೆಣ ತಂದುಕೊಡು ಅನ್ನುತ್ತಾನೆ ಭಿಕ್ಷು.

ಸೋಮದೇವ ಇದನ್ನೆಲ್ಲ ತನ್ನ ಸ್ವಂತದ್ದು ಅಂತ ಹೇಳಿಕೊಳ್ಳುವುದಿಲ್ಲ. ಗುಣಾಢ್ಯನ 'ಬೃಹತ್ಕಥೆ'ಯನ್ನು ಚಿಕ್ಕದು ಮಾಡಿ ಹೇಳುತ್ತಿದ್ದೇನೆ ಅನ್ನುತ್ತಾನೆ. ಆ ಗುಣಾಢ್ಯನ ಕಥೆಯೇ ಒಂದು ಬೇತಾಳ ಕಥೆಯಂತಿದೆ. ಅವನು ಸಾತವಾಹನ ರಾಜನ ಆಸ್ಥಾನದಲ್ಲಿದ್ದವನು ಅಂತ ಐತಿಹ್ಯ. ಒಂದು ದಿನ ನೀರಾಟದಲ್ಲಿ ರಾಣಿ, ನೀರು ಎರಚಬೇಡ ಅಂತ ಸಂಸ್ಕೃತದಲ್ಲಿ ಹೇಳಿದಳು. ಅರ್ಥವಾಗದ ರಾಜ ಮೋದಕ ತರಿಸಿದ, ಎಲ್ಲರೂ ನಕ್ಕರು. ಅವಮಾನವಾದ ರಾಜ ಸಂಸ್ಕೃತ ಕಲಿಯಲು ಹಟ ಹಿಡಿದ. ಗುಣಾಢ್ಯ ಆರು ವರ್ಷ ಬೇಕು ಅಂದರೆ, ಇನ್ನೊಬ್ಬ ಪಂಡಿತ ಶರ್ವವರ್ಮ ಆರು ತಿಂಗಳು ಸಾಕು ಅಂದ. ಹಾಗಾದರೆ ನಾನು ಸಂಸ್ಕೃತ, ಪ್ರಾಕೃತ, ದೇಶಿ ಮೂರೂ ಬಿಡುತ್ತೇನೆ ಅಂತ ಗುಣಾಢ್ಯ ಪಣ ಕಟ್ಟಿ ಸೋತ. ಕಾಡು ಸೇರಿ, ಪಿಶಾಚಿಗಳ ಮಾತು ಅನ್ನಿಸಿಕೊಂಡ ಪೈಶಾಚಿಯಲ್ಲಿ ಏಳು ಲಕ್ಷ ಪದ್ಯ ಬರೆದ. ಆಸ್ಥಾನಕ್ಕೆ ಕಳಿಸಿದರೆ, ಇದೆಂಥ ಭಾಷೆ ಅಂತ ರಾಜ ತಿರಸ್ಕರಿಸಿದ. ಗುಣಾಢ್ಯ ಬೆಂಕಿ ಹಾಕಿಕೊಂಡು ಕೂತು, ಒಂದೊಂದೇ ಹಾಳೆ ಓದುತ್ತ ಸುಡುತ್ತ ಹೋದ. ಕಾಡಿನ ಪ್ರಾಣಿಗಳು ಮೇವು ಬಿಟ್ಟು ಕೇಳುತ್ತ ನಿಂತವಂತೆ. ರಾಜನಿಗೆ ತಿಳಿದು ಓಡಿ ಬರುವಷ್ಟರಲ್ಲಿ ಆರು ಲಕ್ಷ ಬೂದಿಯಾಗಿತ್ತು. ಉಳಿದದ್ದು ಒಂದು ಲಕ್ಷ.

ಇದು ಇತಿಹಾಸವಲ್ಲ, ಐತಿಹ್ಯ. ಆದರೆ ಸಾತವಾಹನರು ಐತಿಹ್ಯವಲ್ಲ. ನಮ್ಮ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅಗೆಸಿದಾಗ ನವಶಿಲಾಯುಗದ ಪದರ, ಬೃಹತ್ ಶಿಲಾಗೋರಿಗಳ ಪದರ, ಅದರ ಮೇಲೆ ಸಾತವಾಹನರ ಕಾಲದ ಪದರ ಸಿಕ್ಕಿತು. ಅದೇ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಬಂಗಾರದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರ್ ಕಂಡದ್ದು ಶಾಲೆಯಲ್ಲಿ ಓದಿದ್ದೇವೆ. ಅದು ಇರುವುದೂ ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ. ಪೈಶಾಚಿಯನ್ನೂ ವ್ಯಾಕರಣಕಾರರು ಪ್ರಾಕೃತದ ಸಾಲಿಗೇ ಸೇರಿಸಿದ್ದಾರೆ. ರಾಯಚೂರು ಕಡೆಯ ಕನ್ನಡ ಮಾತಾಡಿ ಬೆಂಗಳೂರಿನಲ್ಲಿ ನಗೆಪಾಟಲಾದವರಿಗೆ ಗುಣಾಢ್ಯನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕನ್ನಡಕ್ಕೂ ಗುಣಾಢ್ಯನ ಹೆಸರು ಬೇಗನೇ ಬಂತು. ಕಲ್ಯಾಣದ ಚಾಲುಕ್ಯರ ಜಯಸಿಂಹನ ಬಳಿ ಇದ್ದ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಕನ್ನಡದಲ್ಲಿ ಪಂಚತಂತ್ರ ಬರೆದು, ಅದರ ಮೂಲ ಗುಣಾಢ್ಯ ಅಂತ ನೆನೆದಿದ್ದಾನೆ. ಸೋಮದೇವ ಬರೆದದ್ದೂ ಅದೇ ಶತಮಾನ. ಕಾಶ್ಮೀರದಲ್ಲೂ ನಮ್ಮಲ್ಲೂ ಒಂದೇ ಕಾಲಕ್ಕೆ ಆ ಸುಟ್ಟ ಪುಸ್ತಕವನ್ನು ಹುಡುಕುತ್ತಿದ್ದರು ಅನ್ನಬಹುದು.

ಅಲ್ಲಿಂದ ಒಂದೇ ಜಿಗಿತಕ್ಕೆ ಮದ್ರಾಸಿಗೆ ಬರೋಣ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಚಂದಮಾಮ ಶುರುಮಾಡಿದರು. ಕನ್ನಡದ ಚಂದಮಾಮ ಬಂದದ್ದು 1949ರಲ್ಲಿ. ಆ ವರ್ಷ ನಮಗೆ ಮುಖ್ಯ. 1948ರ ಸೆಪ್ಟೆಂಬರಿನವರೆಗೆ ಲಿಂಗಸುಗೂರು ನಿಜಾಮರ ಹೈದರಾಬಾದಿನಲ್ಲಿತ್ತು. ಮೇಲಿನ ಓದೆಲ್ಲ ಉರ್ದುವಿನಲ್ಲಿ. ನಮ್ಮ ಅಜ್ಜ ಸಹಿ ಮಾಡುತ್ತಿದ್ದದ್ದು ಉರ್ದುವಿನಲ್ಲೇ. ಕನ್ನಡ ಅಕ್ಷರ ಗೊತ್ತಿದ್ದರೂ ಓದಲು ಮನೆಯಲ್ಲಿದ್ದದ್ದು ಪುರಾಣದ ಪುಸ್ತಕ ಮಾತ್ರ. ಮಕ್ಕಳಿಗೆ ಅಂತ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತಂದ ಚಂದಮಾಮವನ್ನು ಮೊದಲು ಓದುತ್ತಿದ್ದವನು ಅವನೇ ಅಂತ ಅತ್ತೆ ಹೇಳುತ್ತಾಳೆ. ಸಿಂಧನೂರು ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದು ಆಂಧ್ರದ ರೈತರ ಕ್ಯಾಂಪುಗಳಾದ ಮೇಲೆ ಅಲ್ಲಿನ ಮನೆಗಳಲ್ಲಿ ತೆಲುಗು ಚಂದಮಾಮ, ನಮ್ಮಲ್ಲಿ ಕನ್ನಡದ್ದು. ಕಥೆ ಅದೇ, ಚಿತ್ರವೂ ಅದೇ.

ಐವತ್ತರ ದಶಕದಲ್ಲಿ ಶುರುವಾದ ಬೇತಾಳ ಕಥೆಗಳು ಚಂದಮಾಮದಲ್ಲಿ ದಶಕಗಟ್ಟಲೆ ನಡೆದವು. ಇಪ್ಪತ್ತೈದೇ ಕಥೆ ಇದ್ದದ್ದು ಹೇಗೆ ಸಾಲುತ್ತದೆ? ಅಲ್ಲಿನ ಬರಹಗಾರರು ಊರೂರಿನ ಜನಪದ ಕಥೆ, ಹೊಸದಾಗಿ ಕಟ್ಟಿದ ಕಥೆ ಎಲ್ಲವನ್ನೂ ಬೇತಾಳನ ಬಾಯಿಗೆ ಹಾಕಿದರು. ಹಾಗಾಗಿ ಆ ರಾಜ ನೂರಾರು ಸಲ ಮರ ಹತ್ತಿದ. ಚಿತ್ರ ಬರೆದವರು ಶಂಕರ್, ಪೂರ್ಣ ಹೆಸರು ಕೆ. ಸಿ. ಶಿವಶಂಕರನ್. ಅವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂತು.

ಇನ್ನು ಪರದೆಯ ಮಾತು. ಚಂದಮಾಮದ ಒಡೆಯರೇ ಸಿನಿಮಾದ ಒಡೆಯರು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಾಗಿರೆಡ್ಡಿ, ಚಕ್ರಪಾಣಿ ಅವರ ವಿಜಯಾ ಸಂಸ್ಥೆಯೇ 1951ರ 'ಪಾತಾಳ ಭೈರವಿ' ಮಾಡಿದ್ದು, 1957ರ 'ಮಾಯಾಬಜಾರ್' ಮಾಡಿದ್ದು. ಎರಡರ ನಿರ್ದೇಶಕರೂ ಕೆ. ವಿ. ರೆಡ್ಡಿ. ಘಟೋತ್ಕಚನಾದ ಎಸ್. ವಿ. ರಂಗಾರಾವ್ ಬಾಯಿಗೆ ಲಾಡುಗಳು ತಾವೇ ಹಾರಿ ಹೋಗುವ ದೃಶ್ಯ ನೋಡಿದರೆ ಚಂದಮಾಮದ ಪುಟ ಎದ್ದು ಓಡಾಡಿದಂತೆ ಇದೆ. ಕಂಪ್ಯೂಟರ್ ಇಲ್ಲದ ಕಾಲ, ಮಾರ್ಕಸ್ ಬಾರ್ಟ್ಲೆ ಅವರ ಕ್ಯಾಮೆರಾ. ಅಭಿಮನ್ಯು-ಶಶಿರೇಖೆಯ ಈ ಮದುವೆ ವ್ಯಾಸಭಾರತದಲ್ಲಿಲ್ಲ, ಜನರ ಆಟಗಳಿಂದ ಬಂದದ್ದು. ಬಹುಶಃ ಅದಕ್ಕೇ ಇಷ್ಟು ಲವಲವಿಕೆ.

ಆದರೆ ಬೇತಾಳ ಪರದೆಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ ಅಂತ ನಮ್ಮ ಅಭಿಪ್ರಾಯ. 1960ರಲ್ಲಿ ಎನ್. ಟಿ. ರಾಮರಾವ್ ವಿಕ್ರಮಾರ್ಕನಾದ ತೆಲುಗಿನ 'ಭಟ್ಟಿ ವಿಕ್ರಮಾರ್ಕ' ಬಂತು. ಹಾಡು ಇಂದಿಗೂ ಕೇಳಬೇಕು ಅನ್ನಿಸುತ್ತವೆ. ಆದರೆ ಸಿನಿಮಾಕ್ಕೆ ಪ್ರೇಮ ಬೇಕು, ಯುದ್ಧ ಬೇಕು. ಕತ್ತಲಲ್ಲಿ ಒಬ್ಬನೇ ಹೆಣ ಹೊತ್ತು ಸುಮ್ಮನೆ ನಡೆಯುವವನನ್ನು ಇಟ್ಟುಕೊಂಡು ಎಷ್ಟು ರೀಲು ಓಡಿಸುತ್ತಾರೆ?

1985ರಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ 'ವಿಕ್ರಮ್ ಔರ್ ಬೇತಾಲ್' ಬಂತು. ಅರುಣ್ ಗೋವಿಲ್ ರಾಜ, ಸಜ್ಜನ್ ಬೇತಾಳ. ಎರಡು ವರ್ಷದ ನಂತರ ಅದೇ ಗೋವಿಲ್ ರಾಮನಾಗಿ ಮನೆಮನೆಗೆ ಬಂದರು. ಅಕ್ಕನ ಮಗಳು ಫೋನಿನಲ್ಲಿ ತೋರಿಸಿದ್ದು ಇದನ್ನೇ. ನೋಡಿದೆವು, ಚೆನ್ನಾಗಿಯೇ ಇದೆ. ಆದರೆ ಇಲ್ಲಿನ ಬೇತಾಳ ಬಿಳಿ ಕೂದಲಿನ, ನಗುವ, ಬೆನ್ನೇರಿ ಕೂತ ಮುದುಕ. ಶಂಕರ್ ಬರೆದ ಚಿತ್ರದಲ್ಲಿ ಹೆಗಲ ಮೇಲಿರುವುದು ಹೆಣ, ಮಾತು ಅದರೊಳಗಿಂದ ಬರುತ್ತದೆ. ಅತ್ತೆ ಎರಡನ್ನೂ ನೋಡಿ, 'ಫೋನಿನ್ಯಾಗಿನ ಬೇತಾಳ ಚೊಲೊ ಮನಿಶ್ಯಾ ಅದಾನ' ಅಂದಳು. ಸರಿಯಾಗಿ ಹೇಳಿದಳು.

ಇನ್ನೊಂದು ವ್ಯತ್ಯಾಸ ನಮಗೆ ಓದಿದಾಗಲೇ ಹೊಳೆದದ್ದು. ಚಂದಮಾಮದಲ್ಲಿ ಬೇತಾಳ ಪ್ರಶ್ನೆ ಕೇಳಿದಾಗ ನಾವು ಪುಸ್ತಕ ಮುಚ್ಚಿಟ್ಟು ಜಗಳಾಡಬಹುದು. ಹಿಂದೆ ಆಡುತ್ತಿದ್ದೆವು ಕೂಡ, ಜಗಳ ಮುಗಿಯದೆ ಊಟಕ್ಕೆ ಏಳುತ್ತಿರಲಿಲ್ಲ. ಪರದೆಯಲ್ಲಿ ಪ್ರಶ್ನೆಯ ಬೆನ್ನಿಗೇ ರಾಜ ಉತ್ತರ ಹೇಳಿಬಿಡುತ್ತಾನೆ. ಈಗ ಕಥೆ ಓದುವಾಗ ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ, ಮನೆಯವರನ್ನೆಲ್ಲ ಕೇಳುವುದು ರೂಢಿಯಾಯಿತು.

ಹಾಗೆ ಕೇಳಿದಾಗ ಸಿಕ್ಕಿಬಿದ್ದವರು ನಾವೇ. ಮೂಲದ ಹಳೆ ಕಥೆಯೊಂದಿದೆ. ಒಬ್ಬ ಹುಡುಗಿಯನ್ನು ಮೂವರು ಬಯಸುತ್ತಾರೆ. ಅವಳು ಸಾಯುತ್ತಾಳೆ. ಒಬ್ಬ ಎಲುಬು ತಗೊಂಡು ಗಂಗೆಗೆ ಹೋಗುತ್ತಾನೆ, ಒಬ್ಬ ಬೂದಿಯ ಮೇಲೆ ಮಲಗುತ್ತಾನೆ, ಒಬ್ಬ ಮಂತ್ರ ಕಲಿತು ಬಂದು ಬದುಕಿಸುತ್ತಾನೆ. ಅವಳು ಯಾರ ಹೆಂಡತಿ? ಬದುಕಿಸಿದವನು ತಂದೆ ಸಮಾನ, ಎಲುಬು ಒಯ್ದವನು ಮಗನ ಸಮಾನ, ಬೂದಿಯ ಮೇಲೆ ಮಲಗಿದವನೇ ಗಂಡ ಅನ್ನುತ್ತಾನೆ ರಾಜ. ಚಿಕ್ಕಂದಿನಲ್ಲಿ ನಮಗೆ ಇದು ಎಂಥ ಜಾಣ ಉತ್ತರ ಅನ್ನಿಸಿತ್ತು. ಅಕ್ಕನ ಮಗಳು ಕೇಳಿದಳು: 'ಮಾಮಾ, ಎದ್ದು ಕುಂತಾಳಲ್ಲ, ಆಕಿನ್ನ ಯಾರೂ ಕೇಳಲಿಲ್ಲೇನು?' ಇಪ್ಪತ್ತೈದು ಕಥೆಯಲ್ಲಿ ರಾಜನಿಗೂ ಬೇತಾಳನಿಗೂ ಹೊಳೆಯದ ಪ್ರಶ್ನೆ. ನಮಗೂ ಹೊಳೆದಿರಲಿಲ್ಲ.

ಮತ್ತೆ ಓದಿದಾಗ ನಮ್ಮನ್ನು ಹೆಚ್ಚು ಕಾಡಿದ್ದು ಕಥೆಗಳಲ್ಲ, ಬೇತಾಳನ ಷರತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಹೆಣ ಮರಕ್ಕೆ ಹಾರುತ್ತದೆ, ನಡೆದ ದಾರಿಯೆಲ್ಲ ದಂಡ. ಹೋಬಳಿ ಸುದ್ದಿ ಬರೆಯುವ ನಮ್ಮಂಥವರಿಗೆ ಇದು ಮಾಯದ ಕಥೆಯಲ್ಲ. ಒಂದು ಬೇಸಿಗೆಯಲ್ಲಿ, ಒಂದು ಊರಿನ ನೀರಿನ ಟ್ಯಾಂಕು ಕಾಗದದ ಮೇಲೆ ಮಾತ್ರ ಇದೆ ಅನ್ನುವುದು ನಮಗೆ ಗೊತ್ತಿತ್ತು. ಖಾಲಿ ಜಾಗದ ಫೋಟೋ ಕೂಡ ಇತ್ತು. ಬಿಲ್ಲು ಮಾಡಿಸಿಕೊಂಡವರು ನೆಂಟರು. ನಾವು ಬರೆಯಲಿಲ್ಲ. ತಲೆ ಸಿಡಿಯಲಿಲ್ಲ. ಆ ಊರಿನ ಹೆಣ್ಣುಮಕ್ಕಳು ಆ ಬೇಸಿಗೆ ಪೂರ್ತಿ ಹೊಲದ ಬೋರಿನಿಂದ ನೀರು ಹೊತ್ತರು. ಫೋಟೋ ಇನ್ನೂ ಫೋನಿನಲ್ಲಿದೆ.

ಸೋಮದೇವನ ರಾಜನೂ ಕೊನೆಗೆ ಒಮ್ಮೆ ಸುಮ್ಮನಾಗುತ್ತಾನೆ, ಆದರೆ ಅದು ಬೇರೆ ಥರದ್ದು. ಅಪ್ಪ ಮಗಳನ್ನು, ಮಗ ಅವಳ ತಾಯಿಯನ್ನು ಮದುವೆಯಾಗಿ ಮಕ್ಕಳಾಗುತ್ತವೆ, ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು ಅಂತ ಬೇತಾಳ ಕೇಳುತ್ತದೆ. ರಾಜನಿಗೆ ನಿಜಕ್ಕೂ ಗೊತ್ತಾಗುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಬೇತಾಳ ಮೆಚ್ಚಿ, ಆ ಭಿಕ್ಷು ನಿನ್ನನ್ನೇ ಬಲಿ ಕೊಡಲಿದ್ದಾನೆ ಅಂತ ಎಚ್ಚರಿಸುತ್ತದೆ. ನೆಲಕ್ಕೆ ಬಾಗಿ ನಮಸ್ಕರಿಸು ಅಂದ ಭಿಕ್ಷುವಿಗೆ, ಹೇಗೆ ತೋರಿಸು ಅಂತ ಕೇಳಿ ರಾಜ ಅವನ ತಲೆ ಕತ್ತರಿಸುತ್ತಾನೆ. ಕಥೆ ಮುಗಿಯಿತು. ಚಂದಮಾಮ ಮಾತ್ರ ಈ ಮುಕ್ತಾಯಕ್ಕೆ ರಾಜನನ್ನು ಬಿಡಲಿಲ್ಲ, ತಿಂಗಳು ತಿಂಗಳು ಮರ ಹತ್ತಿಸಿತು. ಪತ್ರಿಕೆಯೇ 1998ರಲ್ಲಿ ಒಮ್ಮೆ ನಿಂತು, ಮರುವರ್ಷ ಎದ್ದು, 2007ರಲ್ಲಿ ಕೈ ಬದಲಾಗಿ, 2013ರಲ್ಲಿ ನಿಂತೇಹೋಯಿತು.

ಬೇತಾಳನನ್ನು ಚೆನ್ನಾಗಿ ಬಳಸಿದ್ದು ಸಿನಿಮಾ ಅಲ್ಲ, ಕನ್ನಡ ನಾಟಕ ಅನ್ನಬೇಕು. ಸೋಮದೇವನಲ್ಲಿ ಒಬ್ಬ ಅಗಸರ ಹುಡುಗಿ ಗುಡಿಯಲ್ಲಿ ಸತ್ತು ಬಿದ್ದ ಗಂಡನ, ಅಣ್ಣನ ತಲೆಗಳನ್ನು ಗಡಿಬಿಡಿಯಲ್ಲಿ ಅದಲುಬದಲು ಜೋಡಿಸುತ್ತಾಳೆ. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಇದನ್ನು ಕಾದಂಬರಿ ಮಾಡಿ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದ. ಅದನ್ನು ಹಿಡಿದು ಗಿರೀಶ ಕಾರ್ನಾಡರು 1971ರಲ್ಲಿ 'ಹಯವದನ' ಬರೆದರು. ಯಾರು ಗಂಡ ಅನ್ನುವುದಕ್ಕೆ ಹಳೆ ಉತ್ತರ ತಲೆ, ಅಂಗಗಳಲ್ಲಿ ಅದೇ ಶ್ರೇಷ್ಠ ಅಂತ. ಕಾರ್ನಾಡರಲ್ಲಿ ಉತ್ತರ ಸಿಕ್ಕ ಮೇಲೇ ನಿಜವಾದ ತೊಂದರೆ ಶುರುವಾಗುತ್ತದೆ.

ಈ ಕಥೆಯನ್ನೂ ಒಂದು ರಾತ್ರಿ ಕರೆಂಟು ಹೋದಾಗ ಅಂಗಳದಲ್ಲಿ ಹೇಳಿ, ಪ್ರಶ್ನೆಗೆ ನಿಲ್ಲಿಸಿದೆವು. ಅಕ್ಕನ ಮಗಳು 'ಆಕಿನ್ನ ಕೇಳ್ರಿ' ಅಂದಳು, ಈಗ ಅದೇ ಅವಳ ಖಾಯಂ ಉತ್ತರ. ಅತ್ತೆ ಹತ್ತಿ ಬಿಡಿಸಿ ಬಂದಿದ್ದಳು, ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. 'ತಲಿ ಏನ್ ಮಾಡ್ತದೋ ತಮ್ಮಾ?' ಅಂದಳು. 'ದುಡ್ಯೂದು ಕೈ. ಕೈ ಯಾರ್ದು ಐತಿ ಅದನ್ನ ಮೊದ್ಲು ಹೇಳು.'