ಉಪ್ಪು, ಸ್ಪಿರಿಟ್ಟು ಮತ್ತು ಮಾಡೆಲ್ ರೈಲು

ನಮ್ಮ ಕಾರವಾರ, ಅಂಕೋಲೆ ದಾಟಿ ಹೋಗುವ ಕೊಂಕಣ ರೈಲ್ವೆ ಪೂರ್ತಿಯಾಗಿ ಶುರುವಾಗಿದ್ದು 1998ರ ಜನವರಿಯಲ್ಲಿ. 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ಬಂತು. ಈಗ ಇಂಜಿನ್ನು ತಲೆ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಳ್ಳುತ್ತೆ. ಮೇಜಿನ ಮೇಲೆ ಓಡಿಸುವ ಮಾಡೆಲ್ ರೈಲಿಗೆ ಸಾಮಾನ್ಯವಾಗಿ ಆ ತಂತಿ ಇರೋದಿಲ್ಲ, ಹಳಿಯೇ ತಂತಿ. ಹಳಿಯಿಂದ ಗಾಲಿಗೆ, ಗಾಲಿಯಿಂದ ತೆಳ್ಳನೆಯ ಲೋಹದ ಪಟ್ಟಿಗೆ, ಅಲ್ಲಿಂದ ಮೋಟಾರಿಗೆ. ಈ ದಾರಿಯಲ್ಲಿ ಎಲ್ಲಿ ಕೊಳೆ ಕೂತರೂ ರೈಲು ಕುಂಟುತ್ತೆ.

ಹಾಗಾಗಿ ಈ ಹವ್ಯಾಸದ ಇತಿಹಾಸ ಅಂದ್ರೆ ಅರ್ಧ, ಅದನ್ನು ತೊಳೆಯೋ ದ್ರವಗಳ ಇತಿಹಾಸ. ಅದು ಅಷ್ಟೇನೂ ಚಂದದ್ದಲ್ಲ...

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಎಲ್ಲ ಜಿಡ್ಡಿಗೂ ಒಂದೇ ಮದ್ದು, ಕಾರ್ಬನ್ ಟೆಟ್ರಾಕ್ಲೋರೈಡ್. ಜಿಡ್ಡು ಕರಗಿಸುತ್ತೆ, ಬೇಗ ಆರುತ್ತೆ, ಬೆಂಕಿ ಹತ್ತೋದಿಲ್ಲ. ಬೆಂಕಿ ನಂದಿಸುವ ಉಪಕರಣದಲ್ಲೂ ಅದೇ, ಬಟ್ಟೆಯ ಕಲೆ ತೆಗೆಯೋ ಬಾಟಲಿಯಲ್ಲೂ ಅದೇ, ಅಮೆರಿಕದ ಮಕ್ಕಳ ರೈಲಿನ ಮೋಟಾರಿಗೂ ಅದೇ! ಅದರ ಆವಿ ಲಿವರ್, ಕಿಡ್ನಿ ಎರಡನ್ನೂ ಕೆಡಿಸುತ್ತೆ, ಮದ್ಯ ಕುಡಿದವರಿಗೆ ಇನ್ನೂ ಹೆಚ್ಚು. ಜೋರು ಬಿಸಿ ತಾಗಿದರೆ ಅದರಿಂದ ಫಾಸ್ಜೀನ್ ಹುಟ್ಟುತ್ತೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ. ಮನೆಬಳಕೆಯ ವಸ್ತುಗಳಲ್ಲಿ ಅದನ್ನು ಅಮೆರಿಕ ನಿಷೇಧಿಸಿದ್ದು 1970ರಲ್ಲಿ. ಅಲ್ಲೀವರೆಗೆ ಅದು ಅಡುಗೆಮನೆಯ ಕಪಾಟಿನಲ್ಲಿತ್ತು.

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಹಿಡಿದ ಇನ್ನೊಂದು ದ್ರವ ಸಿಎಫ್‌ಸಿ-113. ಮನುಷ್ಯನಿಗೆ ಅಪಾಯ ಕಡಿಮೆ, ಪ್ಲಾಸ್ಟಿಕ್ಕಿಗೂ ಅಷ್ಟಾಗಿ ತೊಂದರೆ ಇಲ್ಲ. ಆದರೆ ಇಂಥ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಬರೆದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯ್ತು, ಭಾರತ ಸೇರಿದ್ದು 1992ರಲ್ಲಿ. 2010ರ ಹೊತ್ತಿಗೆ ನಮ್ಮಲ್ಲೂ ತೊಳೆಯೋ ಕೆಲಸದಿಂದ ಈ ಎರಡೂ ದ್ರವ ಹೊರಬಿದ್ದವು.

ಹವ್ಯಾಸಿಗಳ ಕೈಯಲ್ಲಿ ಉಳಿದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಎಲ್ಲ ಕಡೆ ಅದನ್ನೇ ಹೇಳ್ತಾರೆ. ಅದು ಜಿಡ್ಡಿಗೆ ಸರಿ. ನಮ್ಮ ಕರಾವಳಿಗೆ ಅದೊಂದೇ ಸಾಲದು ಅಂತ ನನ್ನ ವಾದ.

ಯಾಕೆ ಅಂದ್ರೆ ಇಲ್ಲಿನ ಕೊಳೆಯೇ ಬೇರೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಕಾಯ್ದೆ ಮುರಿದದ್ದು ಯಾವ ಸಮುದ್ರದ ಉಪ್ಪಿನಿಂದಲೋ, ಅದೇ ಸಮುದ್ರದ ಉಪ್ಪು ಗಾಳಿಯಲ್ಲಿ ತೇಲಿಕೊಂಡು ನಮ್ಮ ಮನೆಯೊಳಗೂ ಬರುತ್ತೆ (ಅದಕ್ಕೆ ಯಾರೂ ತೆರಿಗೆ ಕೇಳಿಲ್ಲ, ಪುಣ್ಯ :) ). ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರಾಗುತ್ತೆ. ಮಳೆಗಾಲದ ಕಾರವಾರದಲ್ಲಿ ಅದು ಮಾಮೂಲು. ಆ ಉಪ್ಪುನೀರು ಇಂಜಿನ್ನಿನೊಳಗಿನ ಡಿಕೋಡರ್ ಬೋರ್ಡಿನ ಮೇಲೆ ಕೂತು ತಾಮ್ರವನ್ನು ಹಸಿರುಗಟ್ಟಿಸುತ್ತೆ. ಉಪ್ಪು ಆಲ್ಕೋಹಾಲಿನಲ್ಲಿ ಹೆಚ್ಚುಕಮ್ಮಿ ಕರಗೋದೇ ಇಲ್ಲ! ಸ್ಪಿರಿಟ್ಟಿನಲ್ಲಿ ಎಷ್ಟು ಉಜ್ಜಿದರೂ ಉಪ್ಪು ಆ ಕಡೆಯಿಂದ ಈ ಕಡೆಗೆ ಹೋಗುತ್ತೆ, ಅಷ್ಟೆ. ಅಂಕೋಲೆಯ ನಮ್ಮ ಸೋದರಮಾವ ವಿದೇಶದಿಂದ ತಂದ ರೈಲು ಪ್ರತಿ ಸಲ "ಕ್ಲೀನ್" ಆದ ಮೇಲೂ ಹಸಿರಾಗ್ತಿದ್ದುದು ಇದಕ್ಕೇ. ಮಾವ ಬೇಸತ್ತು ಕಿಟಕಿ ಮುಚ್ಚಿದ ಕೋಣೆಯಲ್ಲಿ ಪೇಂಟ್ ಥಿನ್ನರ್ ತೆಗೆದುಕೊಂಡು ಕೂತಿದ್ದರು. ಅದು ಪ್ಲಾಸ್ಟಿಕ್ಕನ್ನೂ ಕರಗಿಸುತ್ತೆ, ತಲೆಯನ್ನೂ ತಿರುಗಿಸುತ್ತೆ. ಬಾಟಲಿ ಕಿತ್ತುಕೊಂಡು ಬಂದೆ.

ಈಗ ನಾವು ಮಾಡೋದು ಹೀಗೆ. ಕರೆಂಟು ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಬೋರ್ಡನ್ನು ಮಾತ್ರ ಬಿಚ್ಚಿಕೊಳ್ಳೋದು. ಮೋಟಾರು, ಸ್ಪೀಕರು ನೀರಿಗೆ ಬೇಡ. ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆ ಟೂತ್‌ಬ್ರಷ್ಷಿನಿಂದ ಉಪ್ಪು ಬಿಡಿಸೋದು. ನಲ್ಲಿ ನೀರು, ಬಾವಿ ನೀರು ಬೇಡ, ಅದರಲ್ಲೂ ಲವಣ ಇರುತ್ತೆ. ಆಮೇಲೆ 99% ಐಸೊಪ್ರೊಪೈಲ್, ಉಳಿದ ನೀರನ್ನು ಎಳೆದುಕೊಂಡು ಹೋಗಲಿಕ್ಕೆ. ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ನೀರು, ಬೇರೆ ಮಿಶ್ರಣ ಇರಬಹುದು, ಲೇಬಲ್ ಓದಿ. ಇದು 12 ಡಿಗ್ರಿ ಆಸುಪಾಸಿನಲ್ಲೇ ಬೆಂಕಿ ಹಿಡಿಯಬಲ್ಲ ಆವಿ ಬಿಡುತ್ತೆ, ಅಂದ್ರೆ ನಮ್ಮೂರಲ್ಲಿ ವರ್ಷವಿಡೀ. ದೇವರ ದೀಪ, ಗ್ಯಾಸ್ ಒಲೆ ದೂರ ಇರಲಿ, ಕಿಟಕಿ ತೆಗೆದಿರಲಿ. ಗಾಲಿಗೆ ಮರಳು ಕಾಗದ ಉಜ್ಜಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತೆ. ಒಂದು ದಿನ ಒಣಗಲು ಬಿಟ್ಟ ಮೇಲೇ ಕರೆಂಟು.

ತಮಾಷೆ ಏನಂದ್ರೆ, ಸಿಎಫ್‌ಸಿ ಕೈಬಿಟ್ಟ ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲೂ ಹಲವು ಕೊನೆಗೆ ತಿರುಗಿದ್ದು ಶುದ್ಧ ನೀರಿನ ಕಡೆಗೇ. ಮಾವನ ರೈಲು ಈಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿದೆ. ಮಳೆ ನಿಂತ ಮೇಲೆ ಹೊರಗೆ ಬರುತ್ತೆ.