ಹಳೇ ಜೀಪಿಗೆ ಯಾವ ಎಂಜಿನ್?

ನಮ್ಮ ನವಲಿ ಕಡೆ ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿ ಹಿಡಿಯಲು ನಾಲ್ಕೂ ಗಾಲಿ ತಿರುಗುವ ಗಾಡಿಯೇ ಬೇಕು. ಅದಕ್ಕೇ ಹಳೇ ಜೀಪು ಅಂದರೆ ಪ್ರೀತಿ. ಬಾಡಿ ಗಟ್ಟಿ ಇದ್ದು ಎಂಜಿನ್ ಸುಸ್ತಾದಾಗ ಪ್ರಶ್ನೆ ಏಳುತ್ತದೆ... ಬದಲಿಗೆ ಯಾವುದನ್ನು ಕೂರಿಸೋಣ?

ಇದು ಜೀಪಿನಷ್ಟೇ ಹಳೆಯ ಪ್ರಶ್ನೆ. 1941ರ ವಿಲ್ಲಿಸ್ ಯುದ್ಧದ ಜೀಪಿಗಿದ್ದದ್ದು 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. 1953ರ ಸಿಜೆ-3ಬಿಗೆ ಅದೇ ಅಳತೆಯ, ಆದರೆ ಇನ್ನೂ ಎತ್ತರದ 'ಹರಿಕೇನ್' ಬಂತು. ಅದು ಹಿಡಿಸಲೆಂದೇ ಬಾನೆಟ್ ಎತ್ತರಿಸಿದರು! ಮಹೀಂದ್ರಾ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿದ್ದು ಈ ಎತ್ತರದ ಮೂತಿಯ ಜೀಪನ್ನೇ.

1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲ್ ದುಬಾರಿಯಾಯಿತು. ಕಂಪನಿ ಡೀಸೆಲ್ ಕಡೆ ಹೊರಳಿತು. ಮೊದಲು ಟ್ರಾಕ್ಟರ್ ಮನೆತನದ ಇಂಟರ್‌ನ್ಯಾಷನಲ್ ಎಂಜಿನ್, ಆಮೇಲೆ ಫ್ರಾನ್ಸಿನ ಪೂಜೋದ 2.1 ಲೀಟರಿನ ಎಕ್ಸ್‌ಡಿಪಿ.

ಆಯ್ಕೆಗೆ ಈ ಇತಿಹಾಸವೇ ಪಾಠ. ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಅಂದರೆ ಗಾಲಿ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು. ನಿಧಾನವಾಗಿ ತಿರುಗುವ ಟ್ರಾಕ್ಟರ್ ಜಾತಿಯ ಎಂಜಿನ್ ಕೆಸರಿನಲ್ಲಿ ರಾಜ, ಟಾರು ರಸ್ತೆಯಲ್ಲಿ ಎತ್ತಿನ ಬಂಡಿ. ಜೊತೆಗೆ ಡೀಸೆಲ್ ಭಾರ ಹೆಚ್ಚು. ಮುಂದಿನ ಸ್ಪ್ರಿಂಗ್ ಪ್ಲೇಟು ಗಟ್ಟಿ ಮಾಡದಿದ್ದರೆ ಮೂತಿ ಕೂರುತ್ತದೆ.

ಹೊಲಕ್ಕೂ ಸಂತೆಗೂ ಒಂದೇ ಜೀಪು ಅನ್ನುವವರಿಗೆ ನನ್ನ ಮತ ಪೂಜೋಗೆ. ಕಂಪನಿಯೇ ಇಂಥ ಜೀಪಿಗೆ ಕೂರಿಸಿ ಮಾರಿದ ಎಂಜಿನ್ ಅದು. ಆದರೆ ದುಡ್ಡು ಕೊಡುವ ಮುಂಚೆ ಆರ್‌ಟಿಓ ಅನುಮತಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಾತು ಅದು. ಆರ್‌ಸಿಯಲ್ಲಿಲ್ಲದ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೇನು, ರಸ್ತೆಯಲ್ಲಿ ಹಿಡಿದರೆ ನಿಲ್ಲಲೇಬೇಕು. ನೀವೇನಂತೀರಿ?